ಇಂಜಿನಿಯರಿಂಗ್‌ಗೆ ಗೇಮಿಂಗ್ ಲ್ಯಾಪ್‌ಟಾಪ್: ತಗೊಂಡವರು ಅನುಭವ ಹೇಳ್ರಿ

ಧಾರವಾಡದ ಅವ್ವ: ಮಗಳಿಗೆ ಹುಬ್ಬಳ್ಳಿಯೊಳಗ ಸಿಎಸ್ ಸೀಟ್ ಸಿಕ್ಕೇತ್ರಿ. ದಿನಾ ಚಿಗರಿ ಬಸ್ಸಿಗೆ ಹೋಗಿ ಬರಾಕಿ. ಗೇಮಿಂಗ್ ಲ್ಯಾಪ್‌ಟಾಪೇ ಬೇಕಂತ ಕುಂತಾಳ. 75,000ದ ಒಳಗ ನೋಡಾಕತ್ತೇವಿ. ತೂಕ, ಬ್ಯಾಟರಿ ಹೆಂಗ?

ಮೆಕ್ಯಾನಿಕಲ್ ಮಂಜ: ನಂದು 3050 ಗ್ರಾಫಿಕ್ಸ್ ಕಾರ್ಡ್ ಇರೋದು, ಕಾರ್ಡಿನ ಮೆಮೊರಿ 4 ಜಿಬಿ. 68,990 ಕೊಟ್ಟಿದ್ದು. ಅಲ್ಲಿಗೇ ಮುಗೀತಾ? ಒಳಗೆ 8 ಜಿಬಿ ರ್‍ಯಾಮ್, ಒಂದೇ ಸ್ಟಿಕ್. ಕ್ರೋಮ್ ಜೊತೆ ಸಾಲಿಡ್‌ವರ್ಕ್ಸ್ (ಮಷಿನ್ ಪಾರ್ಟ್ ಡಿಸೈನ್ ಮಾಡೋ ಸಾಫ್ಟ್‌ವೇರ್) ತೆರೆದರೆ ಮೌಸ್ ತೆವಳ್ತಿತ್ತು. ಇನ್ನೊಂದು 8 ಜಿಬಿಗೆ ಆಗಿನ ರೇಟು 2,150 (ಈಗಿನ ರೇಟು ಕೇಳಲೇಬೇಡಿ). ಕೂಲಿಂಗ್ ಪ್ಯಾಡ್ 1,400. ಅವರು ಕೊಟ್ಟ ಬ್ಯಾಗಿನ ಜಿಪ್ ಕಿತ್ತೋಯ್ತು, ಹೊಸದಕ್ಕೆ 1,800. ಇನ್ನು ಹಾಸ್ಟೆಲ್ ಕಥೆ. ಚಾರ್ಜರ್ ಪಿನ್ 16 ಆ್ಯಂಪ್‌ದು, ಗೀಸರ್‌ಗೆ ಹಾಕೋ ಅಂಥ ದಪ್ಪ ಪಿನ್ನು. ರೂಮಿನಲ್ಲಿ ಇರೋದೆಲ್ಲ 6 ಆ್ಯಂಪ್ ಸಾಕೆಟ್. ಕನ್ವರ್ಟರ್ ಸಿಕ್ಕಿಸಿದರೆ ಪಕ್ಕದ ಸಾಕೆಟ್ಟೂ ಮುಚ್ಚಿಹೋಗ್ತಿತ್ತು. ರೂಮ್‌ಮೇಟ್ ಇಸ್ತ್ರಿ ಮಾಡೋಕೆ ಅದನ್ನೇ ಕೀಳೋನು. ರೆಂಡರ್ ನಡೀತಿರುವಾಗ!

ಎಸ್‌ಪಿ ರೋಡ್ ಗಿರಾಕಿ: ಮಂಜಣ್ಣ, ಸಾಲಿಡ್‌ವರ್ಕ್ಸ್‌ನವರ ಅಧಿಕೃತ ಪಟ್ಟಿಯಲ್ಲಿ ಗೇಮಿಂಗ್ ಕಾರ್ಡೇ ಇಲ್ಲ, ವರ್ಕ್‌ಸ್ಟೇಷನ್ ಕಾರ್ಡ್ ಮಾತ್ರ. ಅದಿರಲಿ. ನಾನು 4050 ಕಾರ್ಡ್ ಇರೋದು ತಗೊಂಡೆ, ಒಂದು ದೂರಿಲ್ಲ. ಆದ್ರೆ ಅಂಗಡಿಯವನು '4050 ಅಂದ್ರೆ 4050' ಅಂದ್ರೆ ನಂಬಬೇಡಿ. ಅದೇ ಚಿಪ್‌ಗೆ 35ರಿಂದ 115 ವ್ಯಾಟ್ ತನಕ ಕಂಪನಿಯವರು ಇಷ್ಟ ಬಂದಷ್ಟು ಕೊಡ್ತಾರೆ. ವ್ಯಾಟ್ ಕಮ್ಮಿಯಾದ್ರೆ ಸ್ಪೀಡೂ ಕಮ್ಮಿ, ದುಡ್ಡು ದಂಡ. ನಾನು ಚಿಪ್‌ನ ವ್ಯಾಟ್ ಕೇಳಿದ್ದಕ್ಕೆ ಆ ಅಂಗಡಿ ಹುಡುಗ ಚಾರ್ಜರ್ ತಿರುಗಿಸಿ ಅದರ ಮೇಲಿನ ನಂಬರ್ ಓದಿದ!

ಕಲಬುರ್ಗಿ ಬಿಸಿಲು: ಬೆಂಗಳೂರಾಗ ಕುಂತು ವ್ಯಾಟ್ ಲೆಕ್ಕ ಮಾಡೋದು ಭಾಳ ಸಸಾರ ಅದರಿ. ನಮ್ಮ ಕಡಿ ಮೇ ತಿಂಗಳಾಗ 42 ಡಿಗ್ರಿ. ಫ್ಯಾನ್ ಗಿರಣಿ ಸುರು ಮಾಡಿದಂಗ ಒದರ್ತದ, ಸಿಪಿಯು 95 ಮುಟ್ಟಿ ತಾನೇ ಸ್ಪೀಡ್ ಇಳಸ್ತದ. ಕರೆಂಟ್ ಹೋಯ್ತಂದ್ರ ಬ್ಯಾಟರಿ ಮ್ಯಾಲೆ ಗೇಮ್ ಅರ್ಧಕ್ಕರ್ಧ ನಿಧಾನ. ಒಂದು ಮುಂಜಾನಿ ಮುಚ್ಚಳ ತಗೀಲಿಕ್ಕೆ ಹೋದ್ರ ಎಡಗಡಿ ಹಿಂಜ್ ಕಟಕ್ ಅಂತು, ಪ್ಲಾಸ್ಟಿಕ್ ಸಮೇತ ಎದ್ದು ಬಂತು. ಸರ್ವೀಸ್ ಸೆಂಟರ್‌ನವರು 'ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಂಗಿಲ್ಲ' ಅಂತ 9,800 ಬರದು ಕೊಟ್ರು. ಹೊರಗ 2,600ಕ್ಕ ಮಾಡಿಸೀನಿ.

ಧಾರವಾಡದ ಅವ್ವ: ಚಾರ್ಜರ್ ಸೇರಿ ತೂಕ ಎಷ್ಟಾಗ್ತೇತ್ರಿ? ಅದನ್ನಷ್ಟು ಯಾರರ ಹೇಳ್ರಿ.

ಕೋಡ್ ಕುಸುಮ: ಅಕ್ಕಾ, ಸಿಎಸ್‌ಗೆ ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ ಅಂತೀನಿ! ನಾನು 52,000ದ ಸಾದಾ ಲ್ಯಾಪ್‌ಟಾಪಲ್ಲೇ ಡಿಗ್ರಿ ಮುಗಿಸಿದೆ. ಜಾವಾ, ಪೈಥಾನ್, ಡಿಬಿಎಂಎಸ್ ಲ್ಯಾಬ್‌ಗೆ ಗ್ರಾಫಿಕ್ಸ್ ಕಾರ್ಡ್ ಏನು ಮಾಡುತ್ತೆ? ಎಂಎಲ್ (ಮಷಿನ್ ಲರ್ನಿಂಗ್) ಪ್ರಾಜೆಕ್ಟ್ ಬಂದಾಗ ಗೂಗಲ್‌ನ ಆನ್‌ಲೈನ್ ಕೋಲ್ಯಾಬ್‌ನಲ್ಲಿ ಟಿ4 ಗ್ರಾಫಿಕ್ಸ್ ಕಾರ್ಡ್ ಪುಕ್ಕಟೆ, 16 ಜಿಬಿ. ಇವರ 4 ಜಿಬಿ ಅದರ ಮುಂದೆ ಯಾವ ಲೆಕ್ಕ?

ಮೆಕ್ಯಾನಿಕಲ್ ಮಂಜ: ಪುಕ್ಕಟೆ ಅಂತೆ! ಟ್ರೇನಿಂಗ್ ಅರ್ಧದಲ್ಲಿ ಸೆಷನ್ ಕಟ್ ಆದಾಗ ನನ್ನ ತಂಗಿ ಅತ್ತಿದ್ದನ್ನ ನೀವು ನೋಡಿಲ್ಲ.

ಕೋಡ್ ಕುಸುಮ: ಡ್ರೈವ್‌ಗೆ ಚೆಕ್‌ಪಾಯಿಂಟ್ (ಅಲ್ಲಿವರೆಗೆ ಆದ ಕೆಲಸ) ಸೇವ್ ಮಾಡೋದು ಗೊತ್ತಿಲ್ಲದಿದ್ರೆ ಅದು ಕೋಲ್ಯಾಬ್ ತಪ್ಪಾ? ನಿಮಗೆ ಬೇಕಿದ್ದಿದ್ದು ಗೇಮು, ಅಪ್ಪನಿಗೆ ಹೇಳಿದ್ದು ಸಾಲಿಡ್‌ವರ್ಕ್ಸ್.

ಮೆಕ್ಯಾನಿಕಲ್ ಮಂಜ: ನಮ್ಮಪ್ಪನ ವಿಷಯ ನಿಮಗ್ಯಾಕ್ರೀ?

ಎಸ್‌ಪಿ ರೋಡ್ ಗಿರಾಕಿ: ಅವ್ವಾರೆ, ನಂದು 2.3 ಕೆಜಿ, ಚಾರ್ಜರ್ ಮುಕ್ಕಾಲು ಕೆಜಿ ಹತ್ರ. ಟೈಪ್-ಸಿ ಚಾರ್ಜಿಂಗ್ ಇರೋ ಮಾಡೆಲ್ ಆದ್ರೆ ದಪ್ಪ ಚಾರ್ಜರ್ ಮನೇಲೇ ಬಿಟ್ಟು ಸಣ್ಣದು ಒಯ್ಯಬಹುದು. ಕ್ಲಾಸಲ್ಲಿ ಹೈಬ್ರಿಡ್ ಮೋಡ್ (ಬೇಡದಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುತ್ತೆ), ಸ್ಕ್ರೀನ್ 60 ಹರ್ಟ್ಸ್‌ಗೆ ಇಟ್ರೆ ಬ್ಯಾಟರಿ ಉಳಿಯುತ್ತೆ. ಮಂಜಣ್ಣ, 230 ವ್ಯಾಟ್ ಚಾರ್ಜರ್ ಎಳೆಯೋದು ಸುಮಾರು ಒಂದು ಆ್ಯಂಪ್ ಅಷ್ಟೇ. 6 ಆ್ಯಂಪ್ ಸಾಕೆಟ್‌ಗೆ ಅದು ಭಾರವೇ ಅಲ್ಲ. ಕೇಬಲ್ ಬದಲಿಸಿದ್ರೆ ಮುಗೀತಿತ್ತು.

ಮೆಕ್ಯಾನಿಕಲ್ ಮಂಜ: ಲೆಕ್ಕ ನಂಗೂ ಬರುತ್ತೆ ಗುರೂ. ಅಂಥ ಕೇಬಲ್ ನಮ್ಮೂರಲ್ಲಿ ಸಿಗಬೇಕಲ್ಲ!

ಮೈಸೂರು ಪೋಷಕ: ಎಲ್ಲರೂ ವ್ಯಾಟ್ ಅಂತೀರಿ, ನೋ ಕಾಸ್ಟ್ ಇಎಂಐ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ. ಬಡ್ಡಿಯಷ್ಟು ರಿಯಾಯಿತಿ ಮೊದಲೇ ಕಳೀತಾರೆ, ಸರಿ. ಆಮೇಲೆ ಬ್ಯಾಂಕಿನವರು ಅದೇ ಬಡ್ಡಿ ಹಾಕಿ, ಅದರ ಮೇಲೆ 18% ಜಿಎಸ್‌ಟಿ ನಮ್ಮಿಂದ ವಸೂಲಿ ಮಾಡ್ತಾರೆ. ನನಗೆ ಬಡ್ಡಿ 4,600, ಜಿಎಸ್‌ಟಿ 828. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 1,063 ರೂಪಾಯಿ 'ನೋ ಕಾಸ್ಟ್'!

ಕೋಡ್ ಕುಸುಮ: ಅಂಕಲ್, ಅದೆಲ್ಲ ಷರತ್ತಿನಲ್ಲಿ ಬರೆದೇ ಇರುತ್ತೆ.

ಮೈಸೂರು ಪೋಷಕ: ಇರುತ್ತಮ್ಮ, ಇರುವೆ ಗಾತ್ರದ ಅಕ್ಷರದಲ್ಲಿ. ಕನ್ನಡಕ ಹಾಕಿಕೊಂಡು ಓದಿಯೇ ಸಹಿ ಮಾಡಿದ್ದು. 1,063 ತಗೊಂಡು ಅದಕ್ಕೆ ಸೊನ್ನೆ ಅಂತ ಹೆಸರಿಡೋದು ಯಾವ ನ್ಯಾಯ, ಅದನ್ನ ಹೇಳು.

ಕಲಬುರ್ಗಿ ಬಿಸಿಲು: ಮೈಸೂರಿನವರ ಬ್ಯಾಂಕ್ ಯಾವದರಿ? ನಂಗ ಫೀ 299 ಹಾಕ್ಯಾರ.