ಇಷ್ಟು ನೆರವು ಹೋದರೂ ಪ್ಯಾಲೆಸ್ಟೀನ್ ಸರ್ಕಾರದ ಬಳಿ ಸಂಬಳಕ್ಕೆ ದುಡ್ಡಿಲ್ಲ, ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಸರ್ಕಾರಗಳ ಹಣಕಾಸಿನ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. 1993ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವೆ ಆದ ಓಸ್ಲೋ ಒಪ್ಪಂದದಿಂದ ಈಚೆಗೆ ಪ್ಯಾಲೆಸ್ಟೀನಿಗೆ ಹೊರದೇಶಗಳಿಂದ ರಾಶಿ ರಾಶಿ ದುಡ್ಡು ಹೋಗಿದೆ. ಆದರೂ ಅಲ್ಲಿನ ಮೇಷ್ಟ್ರುಗಳಿಗೆ ಅರ್ಧಂಬರ್ಧ ಸಂಬಳವಂತೆ. ಎಲ್ಲಾ ತಿಂದು ಹಾಕಿದರಾ?

ಉತ್ತರ: ತಿಂದವರು ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಆದರೆ ಸಂಬಳ ನಿಲ್ಲುವುದಕ್ಕೆ ಮುಖ್ಯ ಕಾರಣ ಬೇರೆ ಇದೆ.

ಒಂದು ಕಂಟೇನರ್ ಲೆಕ್ಕ ನೋಡಿ. ಪ್ಯಾಲೆಸ್ಟೀನ್ ಆಡಳಿತದ ಕೇಂದ್ರವಾದ ರಮಲ್ಲಾದ ವ್ಯಾಪಾರಿ ಚೀನಾದಿಂದ ಬಟ್ಟೆ ತರಿಸುತ್ತಾನೆ. ಮಾಲು ಇಸ್ರೇಲಿನ ಅಶ್ದೋದ್ ಬಂದರಿನಲ್ಲಿ ಇಳಿಯುತ್ತದೆ. ಸುಂಕ ವಸೂಲಿ ಮಾಡುವುದೂ ಇಸ್ರೇಲೇ. 1994ರ ಪ್ಯಾರಿಸ್ ಒಪ್ಪಂದದ ಪ್ರಕಾರ ಶೇ 3 ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ತಿಂಗಳು ತಿಂಗಳು ಪ್ಯಾಲೆಸ್ಟೀನ್ ಪ್ರಾಧಿಕಾರಕ್ಕೆ, ಅಂದರೆ ಅಲ್ಲಿನ ಸರ್ಕಾರಕ್ಕೆ, ಕೊಡಬೇಕು. ಪ್ರಾಧಿಕಾರದ ಆದಾಯದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಈ ದುಡ್ಡೇ.

ಸಂಬಂಧ ಕೆಟ್ಟಾಗಲೆಲ್ಲ ಇದು ನಿಲ್ಲುತ್ತದೆ. 2006ರಲ್ಲಿ ಇಸ್ರೇಲನ್ನು ವಿರೋಧಿಸುವ ಇಸ್ಲಾಮಿ ಸಂಘಟನೆ ಹಮಾಸ್ ಚುನಾವಣೆ ಗೆದ್ದಾಗ ನಿಂತಿತು. 2019ರಲ್ಲಿ ಇಸ್ರೇಲ್ ಇನ್ನೊಂದು ಕಡಿತ ಶುರು ಮಾಡಿತು. ತನ್ನ ಜೈಲುಗಳಲ್ಲಿರುವವರ ಕುಟುಂಬಗಳಿಗೆ ಪ್ರಾಧಿಕಾರ ಕೊಡುತ್ತಿದ್ದ ಹಣ ದಾಳಿಕೋರರಿಗೆ ಇನಾಮು ಇದ್ದ ಹಾಗೆ ಅನ್ನುವುದು ಅದರ ವಾದ. ಅಷ್ಟು ಮೊತ್ತವನ್ನು ಮುರಿದುಕೊಳ್ಳತೊಡಗಿತು. 2021ರ ಕೊನೆಯಿಂದ ನೌಕರರಿಗೆ ಪೂರ್ತಿ ಸಂಬಳವೇ ಕೊಡಲಾಗುತ್ತಿಲ್ಲ. ಹೊರಗಿನ ನೆರವಿನಲ್ಲಿ ದೊಡ್ಡ ಪಾಲು ಈ ಗುಂಡಿ ಮುಚ್ಚುವುದಕ್ಕೇ ಖರ್ಚಾಗುತ್ತದೆ.

ಪ್ರಶ್ನೆ: ಹಾಗಾದರೆ ಸರ್ಕಾರ ನಡೆಸುವ ಶಕ್ತಿ ಅವರಿಗೆ ಇದೆ ಅಂತೀರಾ?

ಉತ್ತರ: ಇದೆ, ತೋರಿಸಿಯೂ ಇದ್ದಾರೆ. 2007ರ ಡಿಸೆಂಬರಿನಲ್ಲಿ ದಾನಿ ದೇಶಗಳು ಪ್ಯಾರಿಸ್‌ನಲ್ಲಿ ಸೇರಿ 770 ಕೋಟಿ ಡಾಲರ್ ಕೊಡುವ ಮಾತು ಕೊಟ್ಟವು. ಆಗ ಪ್ರಧಾನಿ ಆಗಿದ್ದ ಸಲಾಂ ಫಯ್ಯಾದ್ ಲೆಕ್ಕಪತ್ರ, ಪೊಲೀಸ್, ತೆರಿಗೆ ಎಲ್ಲವನ್ನೂ ಒಂದು ಹದಕ್ಕೆ ತಂದರು. ದೇಶವೊಂದಕ್ಕೆ ಬೇಕಾದ ಆರ್ಥಿಕ ಆಡಳಿತ ಇವರು ನಡೆಸಬಲ್ಲರು ಅಂತ 2011ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಹೇಳಿತು.

ಆದರೆ ರಮಲ್ಲಾ ಇರುವ ವೆಸ್ಟ್ ಬ್ಯಾಂಕ್ ಪ್ರದೇಶದ ಸುಮಾರು ಶೇ 60ರಷ್ಟು ನೆಲ 'ಸಿ' ವಲಯ, ಅಂದರೆ ಇಸ್ರೇಲಿನ ಪೂರ್ತಿ ಹಿಡಿತದಲ್ಲಿರುವ ಜಾಗ. ಅಲ್ಲಿ ರಸ್ತೆ ಹಾಕಲು, ಬಾವಿ ತೋಡಲು ಇಸ್ರೇಲಿನ ಅನುಮತಿ ಬೇಕು. ರವಾಬಿ ಅನ್ನೋ ಹೊಸ ಊರನ್ನು ಕತಾರಿನ ಬಂಡವಾಳದಲ್ಲಿ ಕಟ್ಟಿದರು. ಮನೆಗಳು ಸಿದ್ಧವಾದವು, ಆದರೆ ನೀರಿನ ಸಂಪರ್ಕಕ್ಕೆ ಒಪ್ಪಿಗೆ ಸಿಗದೆ ಕೊಂಡವರು 2015ರವರೆಗೆ ಒಳಗೆ ಕಾಲಿಡಲಾಗಲಿಲ್ಲ. ವೆಸ್ಟ್ ಬ್ಯಾಂಕಿಗೆ ಮೊಬೈಲಿನ 3ಜಿ ಬಂದದ್ದೇ 2018ರಲ್ಲಿ! ಇದಕ್ಕೆಲ್ಲ ಎಷ್ಟು ದುಡ್ಡು ಸುರಿದರೆ ತಾನೇ ಏನು ಪ್ರಯೋಜನ, ಹೇಳಿ?

ಪ್ರಶ್ನೆ: ಅಂದರೆ ಅವರ ನಾಯಕರದ್ದು ತಪ್ಪೇ ಇಲ್ವಾ ಮೇಡಂ?

ಉತ್ತರ: ಖಂಡಿತ ಇದೆ. ನನಗೆ ಜಾಸ್ತಿ ಸಿಟ್ಟು ಬರುವುದೂ ಇಲ್ಲೇ. ಮಹಮೂದ್ ಅಬ್ಬಾಸ್ 2005ರಲ್ಲಿ ಪ್ರಾಧಿಕಾರದ ಅಧ್ಯಕ್ಷರಾಗಿ ಗೆದ್ದದ್ದು ನಾಲ್ಕು ವರ್ಷದ ಅವಧಿಗೆ, ಅದು ಮುಗಿದ ಮೇಲೂ ಕುರ್ಚಿ ಬಿಡಲಿಲ್ಲ. ಸಂಸತ್ತಿಗೆ 2006ರ ನಂತರ ಚುನಾವಣೆಯೇ ಆಗಿಲ್ಲ. 2007ರಲ್ಲಿ ಹಮಾಸ್ ಗಾಜಾ ಹಿಡಿದ ಮೇಲೆ ಆಡಳಿತ ಎರಡು ಹೋಳಾಯಿತು. 2021ಕ್ಕೆ ಘೋಷಿಸಿದ ಚುನಾವಣೆಯನ್ನೂ ಮುಂದೂಡಿದರು. ಬಜೆಟ್ ಬಗ್ಗೆ ಕೇಳುವ ಶಾಸಕರೇ ಇಲ್ಲ. ಲೆಕ್ಕ ಒಪ್ಪಿಸುವುದು ದಾನಿಗಳಿಗೆ, ನಾಬ್ಲುಸ್ ಊರಿನ ಮೇಷ್ಟ್ರಿಗಲ್ಲ. ದಾನಿ ದೇಶಗಳೂ ಇದನ್ನು ಸುಮ್ನೆ ನೋಡುತ್ತಾ ಕೂತವು. ನೆರವು ಕೊಡುವವರು ಚುನಾವಣೆ ನಡೆಸಿ ಅಂತ ರಮಲ್ಲಾಕ್ಕೂ, ತೆರಿಗೆ ಹಣ ತಡೆಯಬೇಡಿ ಅಂತ ಇಸ್ರೇಲಿಗೂ ಒಟ್ಟಿಗೇ ಪಟ್ಟು ಹಿಡಿಯಬೇಕು. ಬರೀ ಚೆಕ್ ಬರೆದು ಕೈ ತೊಳೆದುಕೊಂಡರೆ ಮೇಷ್ಟ್ರುಗಳ ಸಂಬಳ ಮುಂದಿನ ತಿಂಗಳೂ ಅರ್ಧವೇ.