ಬಟ್ಟೆ ಒಗೆಯಲು ನೀರು ಎಷ್ಟು ಬಿಸಿ ಇರಬೇಕು: ತಣ್ಣೀರೇ, 40 ಡಿಗ್ರಿಯೇ, 60 ಡಿಗ್ರಿಯೇ?

ಪ್ರಶ್ನೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ನಾವು ಮನೆಗೆ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ತಂದೆವು. ಅದರೊಳಗೇ ನೀರು ಕಾಯಿಸುವ ಹೀಟರ್ ಇದ್ದು, ತಣ್ಣೀರು, 30, 40, 60, 90 ಡಿಗ್ರಿ ಎಂಬ ಆಯ್ಕೆಗಳಿವೆ. ಅಲ್ಲಿಯವರೆಗೆ ಎಲ್ಲವನ್ನೂ ನಲ್ಲಿ ನೀರಿನಲ್ಲೇ ಒಗೆಯುತ್ತಿದ್ದ ನನಗೆ, ಯಾವ ಬಟ್ಟೆಗೆ ಯಾವ ಅಂಕೆ ಎಂಬುದು ಇನ್ನೂ ಸರಿಯಾಗಿ ತಿಳಿದಿಲ್ಲ. ನಮ್ಮ ಅತ್ತೆಯವರು ಹಾಸನದ ಕಡೆಯ ಹಳ್ಳಿಯಲ್ಲಿ ಹಂಡೆಯ ಬಿಸಿನೀರಿನಲ್ಲಿ ಬಟ್ಟೆ ನೆನೆಸಿ ಒಗೆದವರು. ಬಿಸಿನೀರು ಕಾಣದ ಬಟ್ಟೆ ಶುಭ್ರವಾಗುವುದಿಲ್ಲ ಎಂದು ಹೇಳುತ್ತಾರೆ. ನಮ್ಮ ಯಜಮಾನರು ಕರೆಂಟ್ ಬಿಲ್ಲಿನ ಲೆಕ್ಕ ಹಾಕಿ, ತಣ್ಣೀರೇ ಸಾಕು ಎನ್ನುತ್ತಾರೆ.

ಅತ್ತೆಯವರ ಮಾತಿನಂತೆ ಮಗನ ಬಿಳಿ ಸಮವಸ್ತ್ರದ ಅಂಗಿಯನ್ನು 60 ಡಿಗ್ರಿಯಲ್ಲಿ ಹಾಕಿದೆ. ಅದರ ಮೇಲೆ ಮೂಗಿನಿಂದ ಸುರಿದ ರಕ್ತದ ಕಲೆಯಿತ್ತು. ಹೊರಗೆ ತೆಗೆದಾಗ ಕಲೆ ಚಹಾದ ಬಣ್ಣಕ್ಕೆ ತಿರುಗಿ ನೂಲಿನೊಳಗೆ ಕೂತಿತ್ತು; ಆಮೇಲೆ ಏನು ಮಾಡಿದರೂ ಹೋಗಲಿಲ್ಲ. ಯಜಮಾನರ ಮಾತಿನಂತೆ ಅಡುಗೆಮನೆಯ ಮಸಿಬಟ್ಟೆಗಳನ್ನು ತಣ್ಣೀರಿನಲ್ಲಿ ಒಗೆದರೆ, ಒಣಗಿದ ಮೇಲೂ ಹುಳಿ ವಾಸನೆ ಬರುತ್ತದೆ. ಇದರ ಜೊತೆಗೆ ಆರು ವರ್ಷದ ಮಗಳು ಬೆಳಗ್ಗೆ ಎದ್ದ ಕೂಡಲೇ ಸೀನುತ್ತಾಳೆ. ಹಾಸಿಗೆಯಲ್ಲಿರುವ ಧೂಳಿನ ಹುಳುಗಳು ಕಾರಣವಿರಬಹುದು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ ಎಂದು ವೈದ್ಯರು ಹೇಳಿದ್ದಾರೆ. ನಮ್ಮದು ಬೋರ್‌ವೆಲ್ ನೀರು. ಯಾವುದಕ್ಕೆ ಎಷ್ಟು ಬಿಸಿ ಬೇಕು ಮತ್ತು ಏಕೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಧಾರವಾಡ)

ತಂಗಿ, ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ನಿಮ್ಮ ಅತ್ತೆಯವರು ಮತ್ತು ಯಜಮಾನರು ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಬೇರೆ ಬೇರೆ ಕೊಳೆಯ ಬಗ್ಗೆ ಮಾತನಾಡುತ್ತಿದ್ದಾರೆ. ಕಲೆಗೆ ಬೇಕಾದ ಬಿಸಿ ಒಂದು, ಬಟ್ಟೆ ತಾಳುವ ಬಿಸಿ ಇನ್ನೊಂದು. ಈ ಎರಡನ್ನೂ ಪ್ರತ್ಯೇಕವಾಗಿ ನಿರ್ಧರಿಸಿದರೆ ಗೊಂದಲ ಬಹುಮಟ್ಟಿಗೆ ತೀರುತ್ತದೆ.

ರಕ್ತ, ಹಾಲು, ಮೊಟ್ಟೆ, ಮಕ್ಕಳ ವಾಂತಿ ಇವೆಲ್ಲವುಗಳಲ್ಲಿ ಪ್ರೋಟೀನ್ ಇದೆ. ಮೊಟ್ಟೆಯ ಬಿಳಿಯ ಭಾಗ ಬಿಸಿ ತಗುಲಿದೊಡನೆ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ, ಅಂಗಿಯ ನೂಲಿನ ನಡುವೆ ಇದ್ದ ರಕ್ತಕ್ಕೂ 60 ಡಿಗ್ರಿಯಲ್ಲಿ ಆದದ್ದು ಅದೇ. ಇಂಥ ಕಲೆಯನ್ನು ಹಸಿಯಿರುವಾಗಲೇ ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಟ್ಟು ತೊಳೆದು, ಅರ್ಧ ಗಂಟೆ ತಣ್ಣೀರಿನಲ್ಲೇ ನೆನೆಸಿ, ಕಲೆ ಬಿಟ್ಟಿದೆ ಎಂದು ಖಚಿತವಾದ ಮೇಲಷ್ಟೇ ಮಷಿನ್‌ಗೆ ಹಾಕಬೇಕು. ಈಗ ಕೂತಿರುವ ಕಲೆಗೂ ಒಂದು ಪ್ರಯತ್ನ ಮಾಡಬಹುದು: ಕಿಣ್ವ, ಅಂದರೆ ಎಂಜೈಮ್ ಇರುವ ಡಿಟರ್ಜೆಂಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಅಂಗಿಯನ್ನು ರಾತ್ರಿಯಿಡೀ ನೆನೆಸಿಡಿ. ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಾರೆ, ತಿಳಿಯಾಗಬಹುದು.

ಜಿಡ್ಡಿನ ವಿಷಯ ಇದಕ್ಕೆ ತದ್ವಿರುದ್ಧ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟಿದ್ದನ್ನು ಬಿಸಿಲಿಗಿಟ್ಟು ಕರಗಿಸುವುದು ನಮಗೆಲ್ಲ ಗೊತ್ತು. ತುಪ್ಪ ಪೂರ್ತಿ ಕರಗಲು ಅದಕ್ಕಿಂತ ಹೆಚ್ಚಿನ ಬಿಸಿ ಬೇಕು. ಚಳಿಗಾಲದ ತೊಟ್ಟಿಯ ನೀರಿನಲ್ಲಿ ದಿಂಬಿನ ಗೌಸನ್ನು ಒಗೆದರೆ, ತಲೆಗೂದಲಿನ ಎಣ್ಣೆ ಕರಗದೆ ನೂಲಿಗೇ ಮೆತ್ತಿಕೊಂಡಿರುತ್ತದೆ. 40 ಡಿಗ್ರಿಯ ನೀರಿನಲ್ಲಿ ಅದು ಕರಗಿ, ಡಿಟರ್ಜೆಂಟಿನ ಹಿಡಿತಕ್ಕೆ ಸಿಗುತ್ತದೆ.

ಅತ್ತೆಯವರ ಕಾಲದ ಪದ್ಧತಿ ತಪ್ಪೆಂದು ದಯವಿಟ್ಟು ಭಾವಿಸಬೇಡಿ. ಮಡಿವಾಳರು ಚೌಳುಮಣ್ಣಿನ, ಅಂದರೆ ಕ್ಷಾರಗುಣದ ಮಣ್ಣಿನ, ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಉಬ್ಬೆಗೆ ಹಾಕಿ ಆವಿಯಲ್ಲಿ ಬೇಯಿಸುತ್ತಿದ್ದರು. ಚೌಳಿಗೂ ಬಾರ್ ಸಾಬೂನಿಗೂ ಕೊಳೆ ಬಿಡಿಸಲು ಬಿಸಿಯ ನೆರವು ಬೇಕಿತ್ತು, ಬಿಳಿ ಹತ್ತಿ ಬಟ್ಟೆ ಅದನ್ನು ತಾಳುತ್ತಿತ್ತು. ಇಂದಿನ ಅನೇಕ ಪುಡಿ ಮತ್ತು ದ್ರವಗಳಲ್ಲಿ ಪ್ರೋಟೀನ್, ಪಿಷ್ಟ ಮತ್ತು ಕೊಬ್ಬನ್ನು ಒಡೆಯುವ ಕಿಣ್ವಗಳಿವೆ; ಅವು ಸಾಮಾನ್ಯವಾಗಿ 30ರಿಂದ 40 ಡಿಗ್ರಿಯ ಆಸುಪಾಸಿನಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ ಮತ್ತು 60 ದಾಟಿದರೆ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ದಿನಬಳಕೆಯ ಅಂಗಿ, ಚೂಡಿದಾರ್, ಪ್ಯಾಂಟುಗಳಿಗೆ 30 ಅಥವಾ 40 ಸಾಕು.

ಮಗಳ ಹೊದಿಕೆ, ಹಾಸಿಗೆ ಬಟ್ಟೆ, ದಿಂಬಿನ ಗೌಸುಗಳಿಗೆ ಮಾತ್ರ 60 ಡಿಗ್ರಿಯೇ ಇರಲಿ, ವಾರಕ್ಕೊಮ್ಮೆ. ತಣ್ಣೀರಿನಲ್ಲಿ ಒಗೆದರೆ ಅಲರ್ಜಿ ತರುವ ಅಂಶ ಸಾಕಷ್ಟು ತೊಳೆದುಹೋಗುತ್ತದೆ, ಆದರೆ ಹುಳುಗಳು ಹೆಚ್ಚಿನವು ಬದುಕಿರುತ್ತವೆ; ಅವು ಸಾಯಲು ನೀರು 55ರಿಂದ 60 ಡಿಗ್ರಿ ಮುಟ್ಟಬೇಕು. ಹದಿನೈದು ನಿಮಿಷದ ಕ್ವಿಕ್ ವಾಷ್ ಇದಕ್ಕೆ ಆಗುವುದಿಲ್ಲ, ಕಾಟನ್ ಪ್ರೋಗ್ರಾಮನ್ನೇ ಆರಿಸಿ. ಒಗೆಯಲಾಗದ ಮೆತ್ತನೆಯ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಚೆನ್ನಾಗಿ ಕೊಡವಬಹುದು. ಮಸಿಬಟ್ಟೆ, ಟವೆಲ್, ಒಳ ಉಡುಪುಗಳೂ ಹತ್ತಿಯದ್ದಾದರೆ 60ಕ್ಕೆ ಸೇರಲಿ.

ಯಜಮಾನರ ಲೆಕ್ಕಕ್ಕೂ ಉತ್ತರ ಕೊಡುತ್ತೇನೆ. ಮಷಿನ್ ಒಗೆತಕ್ಕೆ 15 ಲೀಟರ್ ನೀರು ತೆಗೆದುಕೊಂಡಿತು ಎಂದಿಟ್ಟುಕೊಳ್ಳಿ. ಅದನ್ನು 25ರಿಂದ 40 ಡಿಗ್ರಿಗೆ ಏರಿಸಲು ಸುಮಾರು 0.26 ಯೂನಿಟ್, 60 ಡಿಗ್ರಿಗೆ ಏರಿಸಲು ಸುಮಾರು 0.61 ಯೂನಿಟ್ ವಿದ್ಯುತ್ ಬೇಕು. ಡ್ರಮ್ ಮತ್ತು ಬಟ್ಟೆ ಕಾಯುವುದಕ್ಕೆ ಇನ್ನಷ್ಟು ಸೇರುತ್ತದೆ. ಎಲ್ಲ ಬಟ್ಟೆಗೂ 60 ಎಂದರೆ ದುಂದುವೆಚ್ಚ ಎಂಬುದು ನಿಜ, ಆದರೆ ವಾರಕ್ಕೊಂದೆರಡು ಬಾರಿಯ ಖರ್ಚು ಮಗುವಿನ ಉಸಿರಾಟದ ಮುಂದೆ ದೊಡ್ಡದಲ್ಲ.

ಉತ್ತರ (ರಾಯಚೂರು)

ಅಕ್ಕ, ಧಾರವಾಡದ ಸರ್ ಹೇಳಿದ ಮಾತಿಗೆ ನಮ್ಮ ಸೀಮೆಯ ಅನುಭವವೊಂದನ್ನು ಸೇರಿಸುತ್ತೇನೆ. ತಣ್ಣೀರು ಎಂಬ ಗುಂಡಿ ಒತ್ತಿದರೆ ಬರುವುದು ನಿಮ್ಮ ತೊಟ್ಟಿಯಲ್ಲಿ ಇರುವ ನೀರೇ ಹೊರತು, ನಿಜವಾದ ತಣ್ಣೀರಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸ್ ತೊಟ್ಟಿಯಿಂದ ಮಧ್ಯಾಹ್ನ ಬರುವ ನೀರಿಗೆ ಕೈಯೊಡ್ಡಿದರೆ ಚುರುಕ್ಕೆನ್ನುತ್ತದೆ. ತಣ್ಣೀರೆಂದು ನಂಬಿ ಹೊಸ ಕೆಂಪು ನೈಟಿಯನ್ನು ಮಧ್ಯಾಹ್ನ ಎರಡು ಗಂಟೆಗೆ ಉಳಿದ ಬಟ್ಟೆಗಳ ಜೊತೆ ಹಾಕಿ, ಮೂರು ಬಿಳಿ ಬನಿಯನ್‌ಗಳನ್ನು ಗುಲಾಬಿ ಮಾಡಿಕೊಂಡಿದ್ದೇನೆ. ಅಂದಿನಿಂದ ಬಣ್ಣ ಬಿಡುವ ಬಟ್ಟೆಗಳನ್ನು ಬೆಳಗಿನ ಜಾವ, ತೊಟ್ಟಿ ತಂಪಾಗಿರುವಾಗ ಪ್ರತ್ಯೇಕವಾಗಿ ಒಗೆಯುತ್ತೇನೆ. ಜಿಡ್ಡಿನ ಬಟ್ಟೆಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಸೂರ್ಯನೇ ನೀರು ಕಾಯಿಸಿಕೊಟ್ಟಿರುತ್ತಾನೆ.

ನನ್ನದು ಹೀಟರ್ ಇಲ್ಲದ ಸೆಮಿ ಆಟೋಮ್ಯಾಟಿಕ್ ಮಷಿನ್. ಚಳಿಗಾಲದಲ್ಲಿ ಗೀಸರ್‌ನ 60 ಡಿಗ್ರಿಯ ಒಂದು ಬಕೆಟ್ ನೀರಿಗೆ 20 ಡಿಗ್ರಿಯ ಒಂದು ಬಕೆಟ್ ತಣ್ಣೀರು ಬೆರೆಸಿದರೆ ಸರಿಯಾಗಿ 40 ಆಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ: ಉಗುರುಬೆಚ್ಚಗೆ ಎಂದರೆ 35ರಿಂದ 40ರ ಆಸುಪಾಸು, ಕೈಯಿಟ್ಟು ಹೊತ್ತು ಹಿಡಿಯಲಾಗದಿದ್ದರೆ 50ರ ಹತ್ತಿರ ಅಥವಾ ಅದಕ್ಕೂ ಮೇಲೆ. ಎಷ್ಟು ಬಿಸಿಯವರೆಗೆ ಸುರಿಯಬಹುದೆಂದು ಮಷಿನ್‌ನ ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಬೇಕು.

ಉತ್ತರ (ಇಳಕಲ್)

ನಮ್ಮದು ಸೀರೆ ಅಂಗಡಿ. ಕಿಣ್ವದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು: ರೇಷ್ಮೆ ಮತ್ತು ಉಣ್ಣೆ ಎರಡೂ ಸ್ವತಃ ಪ್ರೋಟೀನ್. ರಕ್ತದ ಕಲೆಯನ್ನು ಒಡೆಯುವ ಕಿಣ್ವ ರೇಷ್ಮೆಯ ಎಳೆಯನ್ನೂ ಸವೆಸಬಲ್ಲದು, ಹದವಾದ ಬಿಸಿ ಸಿಕ್ಕರೆ ಇನ್ನೂ ಬೇಗ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದ್ದಾಗಿ ಸೆರಗು ರೇಷ್ಮೆಯದ್ದಾಗಿರಬಹುದು. ಒಡಲನ್ನು ನೋಡಿ ಹತ್ತಿಯೆಂದು 40 ಡಿಗ್ರಿಯಲ್ಲಿ ಹಾಕಿದವರು ಸೆರಗಿನ ಕೆಂಪು ಒಡಲಿಗೆಲ್ಲ ಹರಡಿಕೊಂಡ ಸೀರೆಯನ್ನು ನಮ್ಮಲ್ಲಿಗೆ ತಂದು ತೋರಿಸಿದ್ದಾರೆ. ಇಂಥ ಸೀರೆಯನ್ನು ತಣ್ಣೀರಿನಲ್ಲಿ, ಕಿಣ್ವವಿಲ್ಲದ ಸೌಮ್ಯ ದ್ರವದಲ್ಲಿ, ಕೈಯಿಂದ ಬೇಗ ಅದ್ದಿ ತೆಗೆಯಬೇಕು. ಜರಿ ಇದ್ದರೆ ಡ್ರೈ ಕ್ಲೀನ್‌ಗೆ ಕೊಡುವುದೇ ಕ್ಷೇಮ. ಉಣ್ಣೆಯ ಸ್ವೆಟರ್ ಬಿಸಿನೀರಿನಲ್ಲಿ ತಿಕ್ಕಾಟಕ್ಕೆ ಸಿಕ್ಕಿದರೆ, ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗಿಹೋಗುತ್ತದೆ. ಮತ್ತೆ ಹಿಗ್ಗಿಸಲು ಬರುವುದಿಲ್ಲ.

ಬಟ್ಟೆಗೆ ಹೊಲಿದಿರುವ ಲೇಬಲ್ ಪಟ್ಟಿಯ ಮೇಲಿನ, ನೀರಿನ ತೊಟ್ಟಿಯಂಥ ಚಿತ್ರವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಒಳಗಿನ ಅಂಕೆ ಆ ಬಟ್ಟೆ ತಾಳಬಲ್ಲ ಗರಿಷ್ಠ ಬಿಸಿಯೇ ಹೊರತು, ಅಷ್ಟು ಬಿಸಿಯಲ್ಲೇ ಒಗೆಯಬೇಕೆಂಬ ಆಜ್ಞೆಯಲ್ಲ. ಅಂಕೆಯ ಬದಲು ಚುಕ್ಕೆಗಳಿದ್ದರೆ, ಒಂದು ಚುಕ್ಕೆಗೆ 30, ಎರಡಕ್ಕೆ 40, ಮೂರಕ್ಕೆ 50, ನಾಲ್ಕಕ್ಕೆ 60 ಡಿಗ್ರಿ.

ಪ್ರಶ್ನೆ ಕೇಳಿದವರು (ಬೆಂಗಳೂರು)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಂಗಿಯನ್ನು ರಾತ್ರಿ ನೆನೆಸಿದ್ದೆ. ಕಲೆ ಪೂರ್ತಿ ಹೋಗಿಲ್ಲವಾದರೂ, ಹತ್ತಿರದಿಂದ ನೋಡಿದರೆ ಮಾತ್ರ ಕಾಣುವಷ್ಟು ತಿಳಿಯಾಗಿದೆ. ಮಸಿಬಟ್ಟೆಗಳ ವಾಸನೆ 60 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಹೋಯಿತು. ಅತ್ತೆಯವರು ಅವನ್ನು ಮೂಸಿ ನೋಡಿ ತೃಪ್ತಿಪಟ್ಟರು. ಇನ್ನೆರಡು ಸಂದೇಹಗಳಿವೆ. ಅರಿಶಿನದ ಕಲೆಗೆ ಎಷ್ಟು ಬಿಸಿ ಬೇಕು? ಬೋರ್‌ವೆಲ್ ನೀರನ್ನು ಕಾಯಿಸುವುದರಿಂದ ಮಷಿನ್‌ಗೆ ತೊಂದರೆಯೇ?

ಉತ್ತರ (ಧಾರವಾಡ)

ಅರಿಶಿನದ ಕಲೆ ಬಿಸಿ ಏರಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಸಾಬೂನು ತಾಗಿದೊಡನೆ ಅದು ಕೆಂಪಾಗುವುದನ್ನು ಕಂಡು ಗಾಬರಿಯಾಗಬೇಡಿ. ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಕುಂಕುಮದ ಬಣ್ಣ ಬರುವುದೂ ಇದೇ ಕಾರಣದಿಂದ, ಸಾಬೂನು ತೊಳೆದುಹೋದರೆ ಮತ್ತೆ ಹಳದಿಯಾಗುತ್ತದೆ. ಸಾರಿನ ಜಿಡ್ಡನ್ನು 40 ಡಿಗ್ರಿಯಲ್ಲಿ ಬಿಡಿಸಿ, ಬಟ್ಟೆ ಒದ್ದೆಯಿರುವಾಗಲೇ ಕಲೆಯ ಭಾಗವನ್ನು ನೇರ ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ಮಾಸುತ್ತದೆ. ಬಣ್ಣದ ಬಟ್ಟೆಯಾದರೆ ಮಾತ್ರ ಅದರ ಸ್ವಂತ ಬಣ್ಣವೂ ಮಾಸದಂತೆ ಕಣ್ಣಿಟ್ಟಿರಿ.

ಬೋರ್‌ವೆಲ್ ನೀರು ಗಡಸಾಗಿದ್ದರೆ, ಕಾಯಿಸಿದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಬೇರ್ಪಟ್ಟು ಹೀಟರ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಗೀಸರ್ ಕಾಯಿಲ್ ಮೇಲೆ ಕಾಣುವ ಪದರವೂ ಅದೇ. ಬಿಸಿ ಹೆಚ್ಚಿದಷ್ಟೂ ಇದು ಹೆಚ್ಚು. ಆದ್ದರಿಂದ ಬಟ್ಟೆ ಮಂಕಾಗಿ ಕಂಡಾಗ 40ರಿಂದ 60ಕ್ಕೆ ಜಿಗಿಯುವ ಮೊದಲು, ಗಡಸು ನೀರಿಗೆಂದು ಪೊಟ್ಟಣದ ಮೇಲೆ ಸೂಚಿಸಿರುವಷ್ಟು ಡಿಟರ್ಜೆಂಟ್ ಹಾಕಿ ನೋಡಿ. ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ಡ್ರಮ್ ಕ್ಲೀನ್ ಓಡಿಸಿ, ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಸೇರಿದ ಲೋಳೆಯನ್ನು ಒರೆಸಿ. ಪದರ ಕರಗಿಸಲು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಹಾಕುವವರಿದ್ದಾರೆ. ನಿಮ್ಮ ಮಷಿನ್‌ನ ಕೈಪಿಡಿ ಅದಕ್ಕೆ ಒಪ್ಪಿದರೆ ಮಾತ್ರ ಹಾಗೆ ಮಾಡಿ.