ಸಂಸದರ ಕಚೇರಿಗೆ ಹೋಗಿ ಏನು ಮಾತಾಡೋದು? ಹೋಗಿ ಬಂದವರು ಹೇಳಿ

ಕೇಳಿದ್ದು: ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸೇತುವೆ ವಿನ್ಯಾಸದ ಕೆಲಸದಲ್ಲಿದ್ದೇನೆ. ಎಚ್-1ಬಿ ವೀಸಾ. ಇಲ್ಲಿನ ಸಿವಿಲ್ ಇಂಜಿನಿಯರುಗಳ ಸಂಘ ಎಎಸ್‌ಸಿಇ ಪ್ರತಿವರ್ಷ ಸದಸ್ಯರನ್ನು ವಾಷಿಂಗ್ಟನ್‌ಗೆ ಕರೆಸಿ ಸಂಸದರ ಕಚೇರಿಗಳಿಗೆ ಕಳಿಸುತ್ತದೆ. ‘ಫ್ಲೈ-ಇನ್’ ಅಂತಾರೆ. ಈ ಸಲ ನೀನೂ ಬಾ ಅಂದಿದ್ದಾರೆ. ನನಗೆ ವೋಟೇ ಇಲ್ಲ, ರಾಜಕೀಯ ಅಂದರೆ ಪುಕಪುಕ. ಹೋಗಬಹುದಾ?

ಓಹಾಯೊದಿಂದ: ಧಾರಾಳವಾಗಿ ಹೋಗಿ. ನಾನು ಎರಡು ಸಲ ಹೋಗಿದ್ದೇನೆ, ಮೊದಲ ಸಲ ಪೂರ್ತಿ ಎಡವಟ್ಟು. ಸಂಘ 1998ರಿಂದ ದೇಶದ ರಸ್ತೆ, ಸೇತುವೆ, ನೀರಿನ ಪೈಪುಗಳಿಗೆಲ್ಲ ಮಾರ್ಕ್ಸ್ ಕಾರ್ಡ್ ಕೊಡುತ್ತಿದೆಯಲ್ಲ, ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. 2021ರಲ್ಲಿ ದೇಶಕ್ಕೆ ಸಿ-ಮೈನಸ್ ಬಂದಿತ್ತು. ಎದುರಿಗಿದ್ದ ಸಹಾಯಕಿ ತಲೆಯಾಡಿಸಿ, "ಸರಿ, ನಮ್ಮ ಕ್ಷೇತ್ರದಲ್ಲಿ ಯಾವ ಸೇತುವೆ?" ಅಂದಳು. ನನಗೆ ಒಂದೂ ಗೊತ್ತಿರಲಿಲ್ಲ! ಇದ್ದ ಹದಿನೈದು ನಿಮಿಷದಲ್ಲಿ ಹತ್ತು ನಿಮಿಷ ಗ್ರೇಡಿಗೇ ಖರ್ಚಾಗಿತ್ತು.

ಎರಡನೇ ಸಲ ಒಂದೇ ಒಂದು ಸೇತುವೆಯ ಫೋಟೋ ಒಯ್ದೆ. ಭಾರದ ಮಿತಿ ಹಾಕಿದ್ದರಿಂದ ಶಾಲೆ ಬಸ್ಸು ಸುತ್ತಿ ಹೋಗಬೇಕು ಅಂತಷ್ಟೇ ಹೇಳಿದೆ. ಆಗ ಪೆನ್ನು ಹೊರಬಂತು.

ನೀವಂತೂ ಕಥೆ ಹುಡುಕಬೇಕಾಗಿಲ್ಲ. 2022ರ ಜನವರಿ 28ರಂದು ಫರ್ನ್ ಹಾಲೋ ಸೇತುವೆ ಬಿದ್ದಿದ್ದು ನಿಮ್ಮೂರಲ್ಲೇ. ಆಗ ಅಧ್ಯಕ್ಷರಾಗಿದ್ದ ಬೈಡನ್ ಇದೇ ವಿಷಯ ಮಾತಾಡಲು ನಿಮ್ಮೂರಿಗೆ ಬರಲಿದ್ದ ದಿನವೇ. ಬಸ್ಸೊಂದು ಸೇತುವೆ ಮೇಲಿತ್ತು, ಯಾರೂ ಸಾಯಲಿಲ್ಲ ಅನ್ನೋದೇ ಪುಣ್ಯ. ಕಾರಣ ನೋಡಿದರೆ ಹೊಟ್ಟೆ ಉರಿಯುತ್ತದೆ: ನೀರು ಹೋಗುವ ದಾರಿ ಕಟ್ಟಿಕೊಂಡು, ಕಸ ಕೂತು, ಉಕ್ಕಿನ ಕಾಲುಗಳು ತುಕ್ಕು ಹಿಡಿದಿದ್ದವು. ಕ್ಲೀನ್ ಮಾಡಿ, ರಿಪೇರಿ ಮಾಡಿ ಅಂತ ತಪಾಸಣೆ ವರದಿಗಳು ವರ್ಷವರ್ಷವೂ ಹೇಳಿದ್ದವು. ಹೊಸ ಸೇತುವೆಗೆ ರಿಬ್ಬನ್ ಕತ್ತರಿಸೋರು ಸಿಗುತ್ತಾರೆ, ಚರಂಡಿ ತೆಗೆಸೋಕೆ ದುಡ್ಡು ಕೇಳೋರು ಇಲ್ಲ. ನೀವು ಅದನ್ನೇ ಕೇಳಿ.

ಟೆಕ್ಸಾಸ್‌ನಿಂದ: ವೀಸಾ ಬಗ್ಗೆ. ಸಂಸದರ ಕಚೇರಿಗೆ ಹೋಗಿ ಅಭಿಪ್ರಾಯ ಹೇಳೋಕೆ ಪೌರತ್ವ ಬೇಕಿಲ್ಲ. ನಾನೂ ಎಚ್-1ಬಿಯಲ್ಲಿದ್ದಾಗಲೇ ಹೋಗಿದ್ದೆ. ಆದರೆ ಚುನಾವಣೆಗೆ ಒಂದು ಡಾಲರ್ ಕೂಡ ಕೊಡಬೇಡಿ. ಗ್ರೀನ್ ಕಾರ್ಡ್ ಇಲ್ಲದವರು ಯಾವ ಮಟ್ಟದ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಗೆಳೆಯರು ಊಟದ ಟಿಕೆಟ್ ಅಂತ ಕರೆದರೂ ಅದು ಯಾರ ಪ್ರಚಾರಕ್ಕೆ ಅಂತ ಮೊದಲು ಕೇಳಿ. ಸಂಘಕ್ಕೂ ತೆರಿಗೆ ವಿನಾಯಿತಿ ಇರೋದರಿಂದ ಅಭ್ಯರ್ಥಿಗಳ ಪರ ನಿಲ್ಲುವಂತಿಲ್ಲ. ಹಾಗಾಗಿ ಎರಡೂ ಪಕ್ಷದ ಕಚೇರಿಗೆ ಒಂದೇ ಮಾತು, ಒಂದೇ ಕಾಗದ. ನಿಮ್ಮ ಪುಕಪುಕ ಅಲ್ಲೇ ಅರ್ಧ ಇಳಿಯುತ್ತದೆ.

ಇನ್ನೊಬ್ಬರು: ನಾನು ರಾಜ್ಯ ಸರ್ಕಾರಿ ಇಂಜಿನಿಯರ್. ರಜೆ ಹಾಕಿ, ಸ್ವಂತ ಹೆಸರಲ್ಲಿ ಹೋದೆ. ಆಫೀಸಿನ ಕಾರ್ಡ್ ಕೊಟ್ಟಿದ್ದಕ್ಕೆ ವಾಪಸ್ ಬಂದ ಮೇಲೆ ಬೈಗುಳ ತಿಂದೆ. ನೀವು ಖಾಸಗಿ ಕಂಪನಿಯಾದರೂ ಬಾಸ್‌ಗೆ ಮೊದಲೇ ಒಂದು ಮಾತು ಹೇಳಿಬಿಡಿ.

ವರ್ಜೀನಿಯಾದಿಂದ: ಸಂಸದರೇ ಸಿಗಲಿಲ್ಲ ಅಂತ ಬೇಜಾರಾಗಬೇಡಿ. ಸಿಗೋದು ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು. ಕರಡು ಓದೋರು, ಟಿಪ್ಪಣಿ ಬರೆಯೋರು ಅವರೇ. ಮಾತು ಮುಗಿಸುವ ಮುಂಚೆ ಮಸೂದೆಯ ಹೆಸರು ಹಿಡಿದು ಬೆಂಬಲ ಕೇಳಿ, "ಯೋಚಿಸಿ" ಅಂತ ಬಿಟ್ಟು ಬರಬೇಡಿ. ಅದೇ ವಾರ ಫೋಟೋ ಸಮೇತ ಇಮೇಲ್ ಹಾಕಿ. ನನಗೆ ನಾಲ್ಕು ತಿಂಗಳಾದ ಮೇಲೆ ಅವರೇ ಫೋನ್ ಮಾಡಿ, ಒಂದು ತಾಂತ್ರಿಕ ಪದದ ಅರ್ಥ ಕೇಳಿದರು.

ಆಮೇಲೆ ಚಪ್ಪಟೆ ಶೂ ಹಾಕಿಕೊಳ್ಳಿ. ಹೌಸ್ ಅಂದರೆ ಕೆಳಮನೆಯ ಕಚೇರಿಗಳು ಕ್ಯಾಪಿಟಲ್ ಅನ್ನೋ ಸಂಸತ್ ಭವನದ ಒಂದು ಬದಿಗೆ, ಮೇಲ್ಮನೆ ಸೆನೆಟ್‌ನವು ಇನ್ನೊಂದು ಬದಿಗೆ. ಎರಡು ಭೇಟಿಗಳ ನಡುವೆ ಅರ್ಧ ಗಂಟೆ ಬಿಟ್ಟುಕೊಳ್ಳಿ, ಸೆಕ್ಯುರಿಟಿ ಸಾಲಿನಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ.